ಬೆಳವಲಕ್ಕೊಂದು ಲಾಂಛನಪಟ ಬೇಕು

ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲ್ಲೂಕಿನಲ್ಲಿ ನೇಸರಿ ಎಂಬ ಊರಿದೆ. ಅಲ್ಲಿ ಸಿಕ್ಕ ತಾಮ್ರಪಟವೊಂದು ರಾಷ್ಟ್ರಕೂಟ ಮುಮ್ಮಡಿ ಗೋವಿಂದ ಕ್ರಿ.ಶ. 805ರಲ್ಲಿ ಬರೆಯಿಸಿದ ದಾನಪತ್ರ. ದಾನಪತ್ರವೆಂದ ಮೇಲೆ ಅರಸನ ಹೊಗಳಿಕೆ ಇದ್ದೇ ಇರುತ್ತದೆ. ಬಹಳ ಮಂದಿ ಆ ಭಾಗವನ್ನು ದಾಟಿ, ಯಾವ ಊರು, ಯಾರಿಗೆ ಕೊಟ್ಟದ್ದು, ಎಷ್ಟು ಭೂಮಿ ಎಂಬಲ್ಲಿಗೆ ನೇರ ಹೋಗುತ್ತಾರೆ. ನೇಸರಿಯ ಹೊಗಳಿಕೆಯನ್ನು ಮಾತ್ರ ಹಾಗೆ ದಾಟಬಾರದು. ಅಲ್ಲಿ ಸಂಸ್ಕೃತ ಪದ್ಯದಲ್ಲಿ ಒಂದು ಪಟ್ಟಿಯಿದೆ. ಗೋವಿಂದ ಪಾಂಡ್ಯನಿಂದ ಮೀನನ್ನು, ಪಲ್ಲವನಿಂದ ಗೂಳಿಯನ್ನು, ಚೋಳನಿಂದ ಹುಲಿಯನ್ನು, ಗಂಗನಿಂದ ಆನೆಯನ್ನು, ಕೇರಳದ ಅರಸನಿಂದ ಬಿಲ್ಲನ್ನು, ಚಾಲುಕ್ಯರು ಮೊದಲಾದವರಿಂದ ವರಾಹವನ್ನು, ವಂಗದ ಧರ್ಮಪಾಲನಿಂದ ತಾರಾದೇವಿಯನ್ನು ಕಿತ್ತುಕೊಂಡು ಜಗತ್ತಿಗೆಲ್ಲ ತನ್ನ ಗರುಡಮುದ್ರೆ ಒತ್ತಿದ ಎಂಬುದು ಅದರ ಸಾರ.

ಗೆದ್ದವನು ಬರೆಯಿಸಿದ ಮಾತು ಅದು, ಉತ್ಪ್ರೇಕ್ಷೆ ಇಲ್ಲದೆ ಇರುವುದಿಲ್ಲ. ನನಗೆ ಮುಖ್ಯವೆನಿಸುವುದು ಬೇರೆ ಸಂಗತಿ. ಒಂದು ಕಾಲದ ದೊರೆಮನೆತನಗಳ ಗುರುತುಗಳನ್ನೆಲ್ಲ ಒಂದೆಡೆ ಕೂಡಿಸಿ, ಯಾರದು ಯಾವುದು ಎಂದು ಸಾಲಾಗಿ ಹೇಳುವ ಕೆಲಸವನ್ನು ಆ ಪಟ ಮಾಡಿದೆ. ಯುರೋಪಿನಲ್ಲಿ ಇಂಥ ಕೆಲಸಕ್ಕೆ ಒಂದು ದೊಡ್ಡ ಪರಂಪರೆಯೇ ಇದೆ. ಯುದ್ಧಕ್ಕೋ ಪಂದ್ಯಕ್ಕೋ ಬಂದ ಸರದಾರರ ಗುರಾಣಿಗಳ ಮೇಲಿನ ಚಿತ್ರಗಳನ್ನು ಉದ್ದನೆಯ ಚರ್ಮದ ಸುರುಳಿಯ ಮೇಲೆ ಬಣ್ಣದಲ್ಲಿ ಬರೆದು, ಒಂದೊಂದರ ಮೇಲೂ ಹೆಸರು ಹಾಕಿ ಇಟ್ಟುಕೊಳ್ಳುತ್ತಿದ್ದರು. ಸುಮಾರು 1270ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಡೆರಿಂಗ್ ಸುರುಳಿಯಲ್ಲಿ ಇಂಥ 324 ಗುರಾಣಿಗಳಿವೆ, ಈಗ ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ. 1300ರಲ್ಲಿ ಒಂದನೇ ಎಡ್ವರ್ಡ್ ಸ್ಕಾಟ್ಲೆಂಡಿನ ಕೆರ್ಲಾವೆರಾಕ್ ಕೋಟೆಗೆ ಮುತ್ತಿಗೆ ಹಾಕಿದಾಗ ಜೊತೆಗಿದ್ದ ನೂರಕ್ಕೂ ಹೆಚ್ಚು ಸರದಾರರ ಲಾಂಛನಗಳನ್ನು ಒಬ್ಬ ಕವಿ ಪದ್ಯದಲ್ಲೇ ವರ್ಣಿಸಿಟ್ಟ. ಚಿತ್ರವಿಲ್ಲದೆ ಮಾತಿನಲ್ಲೇ ಕಟ್ಟಿದ ಪಟ್ಟಿಗೆ ಅಲ್ಲಿಯವರು ಇಂದಿಗೂ ಅದನ್ನು ಎತ್ತಿ ತೋರಿಸುತ್ತಾರೆ. ನೇಸರಿಯ ಪದ್ಯ ಅದಕ್ಕಿಂತ ಸುಮಾರು 500 ವರ್ಷ ಹಿಂದಿನದು.

ಆ ಪರಂಪರೆ ಅಲ್ಲಿ ಮುಂದೆ ಕಚೇರಿಯಾಗಿ ಬೆಳೆಯಿತು. 1484ರಲ್ಲಿ ಲಂಡನ್ನಿನಲ್ಲಿ ಅದಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು, ಅದು ಈಗಲೂ ನಡೆಯುತ್ತಿದೆ. ನಮ್ಮಲ್ಲಿ ಹಾಗಾಗಲಿಲ್ಲ. ನಮ್ಮ ಲಾಂಛನಗಳು ಶಾಸನದ ಸಾಲುಗಳಲ್ಲಿ, ತಾಮ್ರಪಟದ ಬಳೆಗೆ ಅಂಟಿದ ಮುದ್ರೆಯಲ್ಲಿ, ಗದ್ಯಾಣವೆಂಬ ಚಿನ್ನದ ನಾಣ್ಯದ ಮುಖದಲ್ಲಿ ಉಳಿದವು. ಅವನ್ನೆಲ್ಲ ಒಂದೇ ಕಡೆ ಚಿತ್ರವಾಗಿ ಕಾಣುವಂತೆ ಮಾಡುವ ಕೆಲಸ ಬಾಕಿಯಿದೆ. ಅದನ್ನು ಶುರುಮಾಡಲು ಧಾರವಾಡ ಜಿಲ್ಲೆಯ ಹಳ್ಳಿಸೀಮೆಗಿಂತ, ಅದರಲ್ಲೂ ಅಣ್ಣಿಗೇರಿಗಿಂತ ತಕ್ಕ ಜಾಗ ಇಲ್ಲವೆಂದೇ ನಾನು ನಂಬಿದ್ದೇನೆ.

ಯಾಕೆ ಅಣ್ಣಿಗೇರಿ ಎಂದು ಕೇಳಬಹುದು. ಪಂಪನ ಊರೆಂದು ಎಲ್ಲರಿಗೂ ಗೊತ್ತು. ಅಮೃತೇಶ್ವರ ಗುಡಿ ಇದೆ ಎಂಬುದೂ ಗೊತ್ತು. ಆದರೆ ಹಳೆಯ ಆಡಳಿತದ ಲೆಕ್ಕದಲ್ಲಿ ಅದು ಬೆಳ್ವೊಲ 300 ಎಂಬ ನಾಡಿನ ರಾಜಧಾನಿ ಪಟ್ಟಣ. ಇವತ್ತಿಗೂ ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಭೂಮಿಗೆ ನಾವು ಬೆಳವಲ ಎನ್ನುತ್ತೇವೆ, ಕಲಘಟಗಿ ಕಡೆಗೆ ಮಲ್ಲಾಡ ಎನ್ನುತ್ತೇವೆ. ಬೆಳ್ವೊಲ 300, ಅದರ ಪಕ್ಕದ ಪುಲಿಗೆರೆ 300 ಎರಡನ್ನೂ ಕೂಡಿಸಿ ಶಾಸನಗಳು ‘ಎರಡರುನೂರು’ ಎಂದು ಕರೆಯುತ್ತವೆ. ಜೋಳ, ಕಡಲೆ, ಹತ್ತಿ ತುಂಬಿ ಬೆಳೆಯುವ ಈ ನೆಲ ಯಾರ ಕೈಯಲ್ಲಿರುತ್ತಿತ್ತೋ ಅವನ ಕಣಜ ತುಂಬುತ್ತಿತ್ತು. ಹೀಗಾಗಿ ದಖ್ಖನ್ನಿನಲ್ಲಿ ತಲೆಯೆತ್ತಿದ ಪ್ರತಿಯೊಂದು ಮನೆತನದ ಬಾವುಟವೂ ಇಲ್ಲಿಗೆ ಬಂದಿದೆ.

ಮೊದಲು ಬಂದದ್ದು ಬಾದಾಮಿ ಚಾಲುಕ್ಯರ ವರಾಹ. ನಾರಾಯಣನ ಪ್ರಸಾದದಿಂದ ತಮಗೆ ವರಾಹಲಾಂಛನ ದೊರೆಯಿತು, ಅದನ್ನು ಕಂಡ ಮಾತ್ರಕ್ಕೆ ಶತ್ರುಗಳು ಮಣಿದರು ಎಂಬ ಅರ್ಥದ ಮಾತು ಅವರ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅವರ ತಾಮ್ರಪಟಗಳ ಮುದ್ರೆಯಲ್ಲೂ ವರಾಹ ನಿಂತಿದೆ. ಕ್ರಿ.ಶ. 578ರ ಬಾದಾಮಿಯ ಮೂರನೆಯ ಗುಹೆಯಲ್ಲಿ ಭೂದೇವಿಯನ್ನು ಎತ್ತಿ ಹಿಡಿದ ವರಾಹನನ್ನು ನೋಡಿದವರಿಗೆ, ಮನೆತನದ ಗುರುತೂ ಮನೆದೇವರ ಭಕ್ತಿಯೂ ಇಲ್ಲಿ ಹೇಗೆ ಬೆರೆತಿವೆ ಎಂಬುದು ತಿಳಿಯುತ್ತದೆ. ಆ ಮನೆತನದ ಕೊನೆಯ ದೊರೆ ಇಮ್ಮಡಿ ಕೀರ್ತಿವರ್ಮನ ಕಾಲದ ಶಾಸನ ಅಣ್ಣಿಗೇರಿಯಲ್ಲೇ ಸಿಕ್ಕಿದೆ. ಚಾಲುಕ್ಯರಲ್ಲಿ ಇನ್ನೊಂದು ಗೌರವದ ವಸ್ತುವಿತ್ತು, ಪಾಳಿಧ್ವಜ, ಸಾಲುಸಾಲಾಗಿ ಕಟ್ಟಿದ ಬಾವುಟಗಳು. ವಿನಯಾದಿತ್ಯನ ಕಾಲದಲ್ಲಿ ಉತ್ತರಾಪಥದ ಅರಸನನ್ನು ಸೋಲಿಸಿ ಅದನ್ನು ತಂದರೆಂದು ಅವರ ಶಾಸನಗಳು ಹೇಳುತ್ತವೆ. ಮುಂದೆ ಅದೇ ಪಾಳಿಧ್ವಜ ರಾಷ್ಟ್ರಕೂಟರ ಪಾಲಾಯಿತು. ಖಜಾನೆ, ಆನೆಗಳ ಜೊತೆಗೆ ಲಾಂಛನವನ್ನೂ ಗೆದ್ದು ಒಯ್ಯುವ ಪದ್ಧತಿ ಅದು, ನೇಸರಿಯ ಪಟ್ಟಿ ಹುಟ್ಟಿದ್ದೂ ಅದೇ ಪದ್ಧತಿಯಿಂದ.

ರಾಷ್ಟ್ರಕೂಟರ ಗರುಡ ಬಂದ ಮೇಲೆ ಅದರ ನೆರಳಿನಲ್ಲಿ ಗಂಗರ ಆನೆಯೂ ಬಂತು. 949ರ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ಮುಮ್ಮಡಿ ಕೃಷ್ಣ ಬನವಾಸಿ 12000, ಬೆಳ್ವೊಲ 300, ಪುಲಿಗೆರೆ 300 ಮೊದಲಾದ ನಾಡುಗಳನ್ನು ಕೊಟ್ಟದ್ದನ್ನು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಹೇಳುತ್ತದೆ. ಬೂತುಗನ ಹೆಸರಿನಲ್ಲಿ ಅಣ್ಣಿಗೇರಿಯಲ್ಲಿ ಗಂಗಪೆರ್ಮಾಡಿ ಬಸದಿ ಎದ್ದಿತು. ನೂರು ವರ್ಷ ಕಳೆದ ಮೇಲೆ ಹುಲಿಮುದ್ರೆಯ ಚೋಳರು ಬೆಳ್ವೊಲಕ್ಕೆ ನುಗ್ಗಿ ಆ ಬಸದಿಗೆ ಬೆಂಕಿ ಇಟ್ಟರು. ಗದಗ ತಾಲ್ಲೂಕಿನ ಗಾವರವಾಡದ ಶಾಸನ ಇದನ್ನು ಸಿಟ್ಟಿನಿಂದಲೇ ಬರೆದಿಟ್ಟಿದೆ. ಬೆಂಕಿ ಇಡಿಸಿದ ಚೋಳ ದೊರೆ ಮುಂದೆ ಚಾಲುಕ್ಯರೊಡನೆ ಕಾದಾಡುವಾಗ ತಲೆ ಕೊಟ್ಟ, 1071–72ರ ಸುಮಾರಿಗೆ ಬಸದಿಯ ಜೀರ್ಣೋದ್ಧಾರವಾಯಿತು ಎಂಬ ವಿವರವೂ ಅದರಲ್ಲಿದೆ. ಚೋಳರ ಮುದ್ರೆಗಳನ್ನು ಗಮನಿಸಿದರೆ ನೇಸರಿಯ ಪಟ್ಟಿಯ ಅಣ್ಣತಮ್ಮಂದಿರು ಅಲ್ಲೂ ಕಾಣುತ್ತಾರೆ. ಕುಳಿತ ಹುಲಿಯ ಎದುರು ಪಾಂಡ್ಯರ ಜೋಡಿ ಮೀನು, ಜೊತೆಗೆ ಚೇರರ ಬಿಲ್ಲು. ಸೋತವರ ಗುರುತನ್ನು ತಮ್ಮ ಮುದ್ರೆಯೊಳಗೆ ತಂದು ಕೂರಿಸುವುದನ್ನು ಇವರೂ ಬಿಡಲಿಲ್ಲ.

ಕಲ್ಯಾಣದ ಚಾಲುಕ್ಯರು ವರಾಹವನ್ನು ಮತ್ತೆ ಎತ್ತಿ ಹಿಡಿದರು. 12ನೇ ಶತಮಾನದ ನಡುವಿನಲ್ಲಿ ಕಳಚೂರ್ಯ ಬಿಜ್ಜಳ ಅವರನ್ನು ಬದಿಗೊತ್ತಿದಾಗ ಚಿನ್ನದ ಗೂಳಿಯ ಬಾವುಟ ಬಂತು. ಬಸವಣ್ಣನವರ ಕಾಲದ ಕಲ್ಯಾಣದಲ್ಲಿ ಹಾರುತ್ತಿದ್ದದ್ದು ಇದೇ ಸುವರ್ಣ ವೃಷಭಧ್ವಜ. ಬಿಜ್ಜಳನ ಮಕ್ಕಳ ಆಳ್ವಿಕೆ ಕುಸಿದಾಗ ಚಾಲುಕ್ಯ ನಾಲ್ವಡಿ ಸೋಮೇಶ್ವರ ಅಣ್ಣಿಗೇರಿಯನ್ನೇ ನೆಲೆ ಮಾಡಿಕೊಂಡು ನಿಂತ. ವರಾಹಲಾಂಛನದ ಆ ಸಾಮ್ರಾಜ್ಯದ ಕೊನೆಯ ವರ್ಷಗಳು ಕಳೆದದ್ದು ನಮ್ಮ ಬೆಳವಲದಲ್ಲಿ. ಆಮೇಲೆ ಬಡಗಣಿಂದ ಸೇವುಣ ಭಿಲ್ಲಮ, ತೆಂಕಣಿಂದ ಹೊಯ್ಸಳ ಇಮ್ಮಡಿ ಬಲ್ಲಾಳ ಈ ನೆಲಕ್ಕಾಗಿಯೇ ಕಾದಾಡಿದರು. 1191ರ ಸುಮಾರಿಗೆ ಗದಗಿನ ಹತ್ತಿರದ ಸೊರಟೂರಿನಲ್ಲಿ ಬಲ್ಲಾಳ ಗೆದ್ದ, 1192ರ ಹೊತ್ತಿಗೆ ಅವನ ಬೀಡು ಲಕ್ಕುಂಡಿಯಲ್ಲಿತ್ತು. ಹೊಯ್ಸಳರ ಮೂಲಪುರುಷ ಸಳ ಹುಲಿಯನ್ನು ಇರಿಯುವ ಗುರುತು ಇಲ್ಲಿಯವರೆಗೂ ಬಂದಂತಾಯಿತು. ಮುಂದೆ ಸೇವುಣರು ಮತ್ತೆ ಈ ನೆಲವನ್ನು ಕಿತ್ತುಕೊಂಡರು.

ಇಷ್ಟು ಹೇಳಿದರೆ ಲಾಂಛನಪಟ ಬರೆಯುವುದು ಸುಲಭವೆನಿಸಬಹುದು. ವರಾಹ ಬರೆ, ಗರುಡ ಬರೆ, ಗೂಳಿ ಬರೆ, ಕೆಳಗೆ ಹೆಸರು ಹಾಕು. ಹಾಗೆ ಮಾಡಿದರೆ ತಪ್ಪಾಗುತ್ತದೆ. ಈ ಅಂಕಣದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ.

ನಮ್ಮ ಶಾಸನಗಳಲ್ಲಿ ಒಂದು ಮನೆತನದ ಗುರುತು ಒಂದೇ ಚಿತ್ರದಲ್ಲಿ ಮುಗಿಯುವುದಿಲ್ಲ. ಮಹಾಮಂಡಲೇಶ್ವರರ, ಅಂದರೆ ದೊಡ್ಡ ಮಾಂಡಲಿಕರ, ಹೊಗಳಿಕೆಯ ಪ್ರಶಸ್ತಿ ತೆಗೆದು ನೋಡಿ. ಸೌಂದತ್ತಿಯ ರಟ್ಟರೋ, ಹಾನಗಲ್ಲಿನ ಕದಂಬರೋ, ಯಲಬುರ್ಗೆಯ ಸಿಂದರೋ ಯಾರೇ ಇರಲಿ, ಪಂಚಮಹಾಶಬ್ದ, ಅಂದರೆ ಐದು ವಾದ್ಯಗಳ ಗೌರವ, ಪಡೆದವನು ಎಂದು ಶುರುವಾಗಿ ನಾಲ್ಕು ಸಂಗತಿ ಅಲ್ಲಿ ಬರುತ್ತವೆ. ಯಾವ ಪುರದ ಒಡೆಯ ಎಂಬುದು ಒಂದು. ಯಾವ ಧ್ವಜ, ಯಾವ ಲಾಂಛನ, ಯಾವ ತೂರ್ಯ ಎಂಬವು ಉಳಿದ ಮೂರು. ಧ್ವಜ ಎಂದರೆ ಮುಂದೆ ಹಾರುವ ಬಾವುಟ. ಲಾಂಛನ ಎಂದರೆ ಮುದ್ರೆಗೆ, ನಾಣ್ಯಕ್ಕೆ ಒತ್ತುವ ಗುರುತು. ತೂರ್ಯ ಎಂದರೆ ಆ ಮನೆತನ ಬರುವಾಗ ಮೊಳಗುವ ವಾದ್ಯ. ಬಾವುಟದ ಮೇಲಿನ ಪ್ರಾಣಿಯೇ ಮುದ್ರೆಯ ಮೇಲೂ ಇರಬೇಕೆಂಬ ನಿಯಮವಿಲ್ಲ. ಕದಂಬರ ಮುದ್ರೆ ಸಿಂಹ, ಅವರ ಬಾವುಟದ ಮೇಲಿರುವುದು ವಾನರ, ಮೊಳಗುವುದು ಪೆರ್ಮಟ್ಟಿ, ಪುರ ಬನವಾಸಿ. ರಟ್ಟರ ಬಾವುಟ ಚಿನ್ನದ ಗರುಡ, ಲಾಂಛನ ಆನೆ, ವಾದ್ಯ ತ್ರಿವಳಿ, ಪುರ ಲತ್ತಲೂರು, ಅಂದರೆ ಈಗಿನ ಲಾತೂರು. ಕಳಚೂರ್ಯರದು ವೃಷಭಧ್ವಜ, ಡಮರುಗ, ಕಾಲಂಜರ. ಸಿಂದರದು ಹುಲಿಯ ಲಾಂಛನ, ನಾಗಧ್ವಜ, ಪುರ ನಾಗಲೋಕದ ಭೋಗಾವತಿ. ಸಿಂದರ ಮೂಲಪುರುಷ ಹುಲಿಯ ಹಾಲು ಕುಡಿದು ಬೆಳೆದ, ಅವನನ್ನು ಸಾಕಿದವನು ನಾಗರಾಜ ಎಂಬ ಕಥೆ ಅವರ ಶಾಸನದಲ್ಲೇ ಇರುವುದರಿಂದ ಬಾವುಟದ ಹಾವಿಗೂ ಮುದ್ರೆಯ ಹುಲಿಗೂ ಕಾರಣ ತಾನಾಗಿ ತಿಳಿಯುತ್ತದೆ.

ನಾಲ್ಕೂ ಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣ ಗರುಡ. ರಾಷ್ಟ್ರಕೂಟರದು ಗರುಡ. ತಾವು ಅವರ ಕುಲದವರೇ ಎಂದ ರಟ್ಟರದು ಚಿನ್ನದ ಗರುಡ. ಕೊಲ್ಹಾಪುರದ ಶಿಲಾಹಾರರದು ಚಿನ್ನದ ಗರುಡ. ಸೇವುಣರದೂ ಚಿನ್ನದ ಗರುಡ. ನಾಲ್ಕು ಮನೆತನಗಳಿಗೆ ನಾಲ್ಕು ಗರುಡ ಬರೆದು ಗೋಡೆಗೆ ಹಾಕಿದರೆ ನೋಡಿದವನಿಗೆ ಏನು ತಿಳಿದೀತು? ಶಾಸನ ಬರೆದವರಿಗೆ ಈ ಗೊಂದಲ ಇರಲಿಲ್ಲ. ಗರುಡದ ಜೊತೆ ಲತ್ತಲೂರು, ತ್ರಿವಳಿ ಎಂದರೆ ರಟ್ಟ. ಗರುಡದ ಜೊತೆ ತಗರಪುರ ಎಂದರೆ ಶಿಲಾಹಾರ. ಗರುಡದ ಜೊತೆ ದ್ವಾರಾವತಿ ಎಂದರೆ ಸೇವುಣ. ಸಿಂಹದ ಲಾಂಛನವೂ ಹಾಗೆಯೇ, ಕದಂಬರದೂ ಅದೇ, ಹಾವೇರಿ ಜಿಲ್ಲೆಯ ಗುತ್ತಲದ ಗುತ್ತರದೂ ಅದೇ. ಆದರೆ ಗುತ್ತರು ಉಜ್ಜಯಿನಿ ಪುರವರಾಧೀಶ್ವರರು, ಅವರ ಬಾವುಟದ ಮೇಲೆ ಆಲದ ಮರ, ಗರುಡ. ಯಾವ ಪ್ರಾಣಿ ಎಂಬುದಕ್ಕಿಂತ ಯಾವುದರ ಜೊತೆ ಯಾವುದು ಎಂಬುದೇ ಇಲ್ಲಿ ಗುರುತು.

ಯುರೋಪಿನಲ್ಲಿ ದಾರಿ ಬೇರೆ. ಒಂದು ಚಿತ್ರ ಒಬ್ಬನಿಗೇ ಸೇರಿದ್ದು. 1385ರಲ್ಲಿ ಸ್ಕ್ರೋಪ್ ಮತ್ತು ಗ್ರೋವ್ನರ್ ಎಂಬ ಇಬ್ಬರು ಸರದಾರರು ನೀಲಿಯ ಮೇಲೆ ಚಿನ್ನದ ಓರೆಪಟ್ಟಿಯ ಒಂದೇ ಗುರಾಣಿ ಹಿಡಿದು ಬಂದಾಗ ಅದು ದೊಡ್ಡ ವ್ಯಾಜ್ಯವಾಗಿ ಐದು ವರ್ಷ ನಡೆಯಿತು. ಸಾಕ್ಷಿ ಹೇಳಿದವರಲ್ಲಿ ಕವಿ ಚಾಸರನೂ ಇದ್ದ. ಕೊನೆಗೆ ಒಬ್ಬ ತನ್ನ ಗುರಾಣಿಯ ಚಿತ್ರವನ್ನೇ ಬದಲಿಸಬೇಕಾಯಿತು. ನಮ್ಮಲ್ಲಾದರೋ, ಸೊರಟೂರಿನಲ್ಲಿ ಎದುರಾದ ಸೇವುಣ, ಹೊಯ್ಸಳ ಇಬ್ಬರೂ ಯದುವಂಶದವರು ಎಂದು ಹೇಳಿಕೊಂಡವರು, ಇಬ್ಬರೂ ದ್ವಾರಾವತಿಯ ಒಡೆಯರು ಎಂದು ಕರೆಯಿಸಿಕೊಂಡವರು. ಒಂದೇ ಪುರವನ್ನು ಇಬ್ಬರು ಹೇಳಿಕೊಂಡರೂ ಗುರುತು ಕೆಡಲಿಲ್ಲ. ಒಬ್ಬನ ಬಾವುಟದಲ್ಲಿ ಗರುಡ, ಇನ್ನೊಬ್ಬನ ಕಡೆ ಹುಲಿ ಇರಿಯುವ ಸಳ. ನ್ಯಾಯಾಲಯ ಬೇಕಾಗದ ಏರ್ಪಾಡು ಅದು. ನನಗೆ ಅದರಲ್ಲಿ ಒಂದು ಉದಾರತೆಯೂ ಕಾಣುತ್ತದೆ.

ಇನ್ನೊಂದು ಮಾತು. ಈ ನಾಲ್ಕೂ ಗುರುತುಗಳನ್ನು ತುಂಬಿ ಹೇಳಿಕೊಂಡವರು ಮಾಂಡಲಿಕರು. ಕಲ್ಯಾಣದ ಚಕ್ರವರ್ತಿಯ ಬಿರುದಾವಳಿಯಲ್ಲಿ ಧ್ವಜ, ತೂರ್ಯಗಳ ಮಾತು ಇಷ್ಟಿಲ್ಲ. ಅವನು ಯಾರೆಂದು ಎಲ್ಲರಿಗೂ ಗೊತ್ತಿತ್ತು. ತಲೆಯ ಮೇಲೆ ಇನ್ನೊಬ್ಬ ಇದ್ದವನಿಗೇ ತಾನು ಯಾರ ಮಗ, ಯಾವ ಊರ ಮೂಲದವನು, ತನ್ನ ಮುಂದೆ ಏನು ಮೊಳಗುತ್ತದೆ ಎಂದು ಹೇಳುವ ಗರಜು ಹೆಚ್ಚು. ಪಂಚಮಹಾಶಬ್ದವಂತೂ ಮೇಲಿನವನು ಕೊಟ್ಟ ಮರ್ಯಾದೆ. ರಾಷ್ಟ್ರಕೂಟ ಅಮೋಘವರ್ಷನ ಕೈಕೆಳಗಿನ ದಂಡನಾಯಕ ಬಂಕೆಯನ ಮನೆತನಕ್ಕೆ ಬಾವುಟದಿಂದಲೇ ಚೆಲ್ಲಕೇತನರೆಂಬ ಹೆಸರು ನಿಂತಿತು. ಬಂಕಾಪುರ ಅವನ ಹೆಸರಿನ ಊರು. ಅವನ ದಾನವನ್ನು ಹೇಳುವ ಕಲ್ಲು ಮಲಪ್ರಭೆಯ ದಂಡೆಯ ಕೊಣ್ಣೂರಿನಲ್ಲಿದೆ.

ಈ ಗುರುತುಗಳನ್ನು ಹುಡುಕಿ ಕೂಡಿಸಿದವರ ಕೆಲಸವೂ ನಮ್ಮ ಜಿಲ್ಲೆಯಲ್ಲೇ ಶುರುವಾಯಿತು. 1820ರ ದಶಕದಲ್ಲಿ ಧಾರವಾಡದಲ್ಲಿ ಕಲೆಕ್ಟರರ ಕೈಕೆಳಗೆ ಇದ್ದ ವಾಲ್ಟರ್ ಎಲಿಯಟ್ 1824ರ ಕಿತ್ತೂರು ಕಾಳಗದಲ್ಲಿ ಸೆರೆಸಿಕ್ಕವನೆಂದು ಚರಿತ್ರೆಯಲ್ಲಿ ಓದುತ್ತೇವೆ. ಅದೇ ಎಲಿಯಟ್ ಆಮೇಲೆ ಊರೂರಿನ ಕಲ್ಲುಗಳ ನಕಲು ಮಾಡಿಸಿ 595 ಶಾಸನಗಳನ್ನು ಕೂಡಿಸಿದ. ದಕ್ಷಿಣ ಭಾರತದ ನಾಣ್ಯಗಳ ಮೇಲೆ ಅವನು ಬರೆದ ಪುಸ್ತಕ ಬಂದದ್ದು ಅವನ ಕೊನೆಗಾಲದಲ್ಲಿ. ಅವನ ದಾರಿಯಲ್ಲಿ ನಡೆದ ಜಾನ್ ಫೇಥ್‌ಫುಲ್ ಫ್ಲೀಟ್ 1882ರಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದ, 1896ರ ಗ್ಯಾಝೆಟಿಯರಿನಲ್ಲಿ ಅದನ್ನು ಹಿಗ್ಗಿಸಿ ಬರೆದ. ಒಂದೊಂದು ಮನೆತನ ಬಂದಾಗಲೂ ಫ್ಲೀಟ್ ಬಿಡದೆ ಅದರ ಪುರ, ಲಾಂಛನ, ಧ್ವಜ, ತೂರ್ಯ ಗುರುತು ಹಾಕುತ್ತಾನೆ, ಲಾಂಛನ ಬೇರೆ, ಧ್ವಜ ಬೇರೆ ಎಂದು ಬಿಡಿಸಿ ತೋರಿಸುತ್ತಾನೆ. ಆ ಪುಸ್ತಕದಲ್ಲಿ ಅಲ್ಲಲ್ಲಿ ಹರಡಿದ ಅಂಥ ಸಾಲುಗಳನ್ನು ಒಂದು ಹಾಳೆಯ ಮೇಲೆ ಕೂಡಿಸಿದರೆ ಅದೇ ನಮ್ಮ ಸೀಮೆಯ ಮೊದಲ ಲಾಂಛನಪಟ್ಟಿ. 1939ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆ ಶಾಸನ ಸಂಪುಟಗಳನ್ನು ತಂದಿತು. ಫ್ಲೀಟನಿಗೆ ಸಿಗದ ಕಲ್ಲುಗಳೂ ಹೀಗೆ ಅಚ್ಚಾದವು.

ಅಂದರೆ ಓದಿನ ಕೆಲಸ ಬಹುಪಾಲು ಆಗಿದೆ. ಉಳಿದದ್ದು ಕಣ್ಣಿಗೆ ಕಾಣಿಸುವ ಕೆಲಸ. ಅದಕ್ಕೆ ಕೈಹಾಕುವವರು ಮೊದಲು ಕಲ್ಲಿನ ನೆತ್ತಿಯನ್ನು ಓದುವುದು ಕಲಿಯಬೇಕು. ಯಾವುದೇ ಹಳೆಯ ಗುಡಿಯ ಅಂಗಳಕ್ಕೆ ಹೋಗಿ ಶಾಸನದ ಕಲ್ಲಿನ ಮುಂದೆ ನಿಲ್ಲಿ. ಮೇಲ್ಗಡೆ ಕಮಾನಿನಂಥ ಭಾಗದಲ್ಲಿ ನಡುವೆ ಲಿಂಗ, ಪಕ್ಕದಲ್ಲಿ ಪೂಜಿಸುವ ಆಚಾರ್ಯ, ಎದುರಿಗೆ ನಂದಿ. ಒಂದು ಕಡೆ ಹಸು, ಅದರ ಕೆಚ್ಚಲಿಗೆ ಬಾಯಿಟ್ಟ ಕರು. ಮೇಲೆ ಸೂರ್ಯ, ಚಂದ್ರ. ಕೆಲವು ಕಡೆ ಒಂದು ಕತ್ತಿ. ಬಸದಿಯ ಕಲ್ಲಾದರೆ ಲಿಂಗದ ಜಾಗದಲ್ಲಿ ಜಿನ. ಇದನ್ನೇ ಯಾವುದೋ ಮನೆತನದ ಲಾಂಛನವೆಂದು ಬಗೆಯುವವರು ಬಹಳ. ನಂದಿಯನ್ನು ಕಂಡು ಕಳಚೂರ್ಯರ ಗೂಳಿ ಎನ್ನುವವರೂ ಇದ್ದಾರೆ. ಇವು ದಾನದ ಗುರುತುಗಳು. ಸೂರ್ಯ ಚಂದ್ರರಿರುವ ತನಕ ಈ ದಾನ ನಡೆಯಲಿ ಎಂಬುದು ಮೇಲಿನ ಎರಡು ಗುರುತುಗಳ ಅರ್ಥ, ಇದನ್ನು ಕೆಡಿಸಿದವನಿಗೆ ಗೋಹತ್ಯೆಯ ಪಾಪ ಎಂಬ ಶಾಪದ ನೆನಪು ಹಸುಕರುವಿನಲ್ಲಿದೆ. ಆಳುವ ಮನೆ ಯಾವುದೇ ಇರಲಿ ಇವು ಬದಲಾಗುವುದಿಲ್ಲ. ಮನೆತನದ ಗುರುತು ಬೇಕಾದರೆ ಕಣ್ಣನ್ನು ಕೆಳಗಿಳಿಸಿ ಅಕ್ಷರದಲ್ಲಿ ಹುಡುಕಬೇಕು, ಲಾಂಛನ, ಧ್ವಜ ಎಂಬ ಮಾತು ಎಲ್ಲಿ ಬಂದಿದೆ ಎಂದು.

ಹುಡುಕುವಾಗ ಕಲ್ಲಿಗೆ ಸುಣ್ಣ ಬಳಿಯುವುದು, ಅಕ್ಷರಕ್ಕೆ ಆಯಿಲ್ ಪೇಂಟ್ ತುಂಬುವುದು, ಉಜ್ಜಲು ತಂತಿಬ್ರಶ್ ಹಿಡಿಯುವುದು ಬೇಡವೇ ಬೇಡ. ಗುಡಿಯ ಜೀರ್ಣೋದ್ಧಾರದ ಹುರುಪಿನಲ್ಲಿ ಬಣ್ಣ ಹೊಡೆಸಿಕೊಂಡ ಕಲ್ಲುಗಳ ಅಕ್ಷರ ಮುಂದೆ ಯಾರಿಗೂ ಸಿಗುವುದಿಲ್ಲ. ನನಗೆ ಇದು ನೋವಿನ ಸಂಗತಿ. ಪಡಿಯಚ್ಚು ತೆಗೆಯುವವರು ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದ ಹಚ್ಚಿ, ಕೂದಲಿನ ಬ್ರಶ್ಶಿನಿಂದ ಮೆಲ್ಲಗೆ ಬಡಿದು ಕಾಗದವನ್ನು ಅಕ್ಷರದ ಕುಳಿಯೊಳಗೆ ಇಳಿಸುತ್ತಾರೆ. ಅರೆಬರೆ ಆರಿದ ಮೇಲೆ ಮಸಿಯ ಗಂಟನ್ನು ಒತ್ತುತ್ತಾ ಹೋದರೆ ಉಬ್ಬಿದ ಕಲ್ಲು ಕಪ್ಪಾಗಿ, ಅಕ್ಷರ ಬಿಳಿಯಾಗಿ ಮೂಡುತ್ತದೆ. ಕಲ್ಲಿಗೆ ಮಸಿ ಹತ್ತುವುದಿಲ್ಲ. ಇದನ್ನು ಬಲ್ಲವರನ್ನು ಕರೆಸಿಯೇ ಮಾಡಿಸಬೇಕು. ಊರವರು ಮಾಡಬಹುದಾದದ್ದು ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆಯುವುದು, ಕಲ್ಲು ಎಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಬರೆದಿಡುವುದು. ಅದೇ ದೊಡ್ಡ ಕೆಲಸ.

ಚಿತ್ರ ಬರೆಯುವ ಹೊತ್ತಿಗೆ ಮಾತಿನ ಮಿತಿ ಎದುರಾಗುತ್ತದೆ. ಸಿಂಹಲಾಂಛನ ಎಂದು ಶಾಸನ ಹೇಳುತ್ತದೆ, ಸಿಂಹ ನಿಂತಿದೆಯೋ ಕುಳಿತಿದೆಯೋ ಹೇಳುವುದಿಲ್ಲ. ಯುರೋಪಿನವರು ಪ್ರಾಣಿಯ ಭಂಗಿ, ಮುಖದ ದಿಕ್ಕು, ಉಗುರಿನ ಬಣ್ಣದವರೆಗೂ ಮಾತಿನಲ್ಲಿ ಕಟ್ಟಿಹಾಕಿ, ಆ ಮಾತು ಕೇಳಿದ ಯಾವ ಚಿತ್ರಗಾರನೂ ಅದೇ ಗುರಾಣಿ ಬರೆಯುವಂತೆ ಮಾಡಿದರು. ನಮ್ಮಲ್ಲಿ ಆ ಕೊರತೆಯನ್ನು ನಾಣ್ಯ, ಮುದ್ರೆಗಳು ತುಂಬುತ್ತವೆ. ಗೋವೆಯ ಕದಂಬರ ಚಿನ್ನದ ಗದ್ಯಾಣದಲ್ಲಿ ಸಿಂಹ ಮುಂಗಾಲೊಂದನ್ನು ಎತ್ತಿ ನಡೆಯುತ್ತಿದೆ, ಬಾಲ ಬೆನ್ನಿನ ಮೇಲೆ ಬಾಗಿದೆ. ಉಗುರುಗಾತ್ರದ ಆ ಸಿಂಹದಲ್ಲಿ ಮೈಯ ಬಿಗುವು, ತೆರೆದ ಬಾಯಿ ಎಲ್ಲ ಸ್ಪಷ್ಟ. ಕಲಘಟಗಿಯ ಮಲ್ಲಾಡದ ಆಚೆಗಿನ ಹಲಸಿ, ಗೋವೆಗಳಿಂದ ಈ ಮನೆತನ ಧಾರವಾಡದ ಹತ್ತಿರದ ನರೇಂದ್ರದವರೆಗೆ ಶಾಸನ ಹಾಕಿಸಿದೆ, ಆದ್ದರಿಂದ ನಮ್ಮ ಪಟದಲ್ಲಿ ಈ ಸಿಂಹಕ್ಕೆ ಖಾತ್ರಿ ಜಾಗ. ಗೋವಾದ ಸರಕಾರಿ ಬಸ್ಸುಗಳು ಕದಂಬ ಎಂಬ ಹೆಸರಿನಲ್ಲಿ ಈಗಲೂ ಸಿಂಹದ ಗುರುತು ಹೊತ್ತು ಓಡುತ್ತವೆ. ರಾಷ್ಟ್ರಕೂಟರ ಗರುಡ ಮುದ್ರೆಯಲ್ಲಿ ಎದುರುಮುಖವಾಗಿ ಕುಳಿತು ಎರಡೂ ಕೈಯಲ್ಲಿ ಹಾವು ಹಿಡಿದಿದ್ದಾನೆ. ಚಾಲುಕ್ಯರ ವರಾಹ, ಗಂಗರ ಆನೆಗಳಿಗೂ ಮುದ್ರೆಯ ಮಾದರಿ ಇದೆ. ಹೀಗೆ ಮಾದರಿ ಸಿಕ್ಕವನ್ನು ಮಾತ್ರ ಬರೆಯಬೇಕು. ಮಾದರಿ ಸಿಗದ ಕಡೆ ಚೌಕಟ್ಟು ಖಾಲಿ ಬಿಟ್ಟು, ಶಾಸನ ಬಳಸಿದ ಹೆಸರನ್ನಷ್ಟೇ ಅಕ್ಷರದಲ್ಲಿ ಹಾಕಬೇಕು. ಕಲ್ಪಿಸಿ ಬರೆದ ಆಲದ ಮರಕ್ಕಿಂತ ಖಾಲಿ ಚೌಕಟ್ಟು ಸತ್ಯಕ್ಕೆ ಹತ್ತಿರ. ಮುಂದೆ ಮುದ್ರೆಯೋ ನಾಣ್ಯವೋ ಸಿಕ್ಕಾಗ ತುಂಬಿದರಾಯಿತು.

ಬಣ್ಣದ ವಿಚಾರದಲ್ಲೂ ಇದೇ ಕಟ್ಟುನಿಟ್ಟು ಬೇಕು. ಶಾಸನ ಸುವರ್ಣ ಎಂದ ಕಡೆ ಚಿನ್ನದ ಬಣ್ಣ. ಸಿಂದರ ಒಂದು ಶಾಖೆಯವರಿಗೆ ನೀಲಧ್ವಜ ಎಂದಿದೆ, ಅಲ್ಲಿ ನೀಲಿ. ಉಳಿದ ಕಡೆ ಕಲ್ಲಿನ ಬೂದು, ತಾಮ್ರದ ಕಂದು ಸಾಕು. ಗುರಾಣಿಯ ಆಕಾರವಂತೂ ಬೇಡ. 1877ರ ದಿಲ್ಲಿ ದರ್ಬಾರಿಗೆ ದೇಶದ ಸಂಸ್ಥಾನಿಕರಿಗೆಲ್ಲ ಬಾವುಟ ಹೊಲಿಸಿಕೊಟ್ಟಾಗ ಬಂಗಾಳದ ಅಧಿಕಾರಿ ರಾಬರ್ಟ್ ಟೇಲರ್ ಅವುಗಳ ವಿನ್ಯಾಸ ಮಾಡಿದ. ಗುರಾಣಿ, ಅದರ ಇಬ್ಬದಿಗೆ ಪ್ರಾಣಿ, ಕೆಳಗೆ ಧ್ಯೇಯವಾಕ್ಯದ ಪಟ್ಟಿ ಎಂಬ ಇಂಗ್ಲಿಷರ ಅಚ್ಚು ನಮ್ಮ ಸಂಸ್ಥಾನಗಳಿಗೆ ರೂಢಿಯಾದದ್ದು ಹೀಗೆ. ಮೈಸೂರಿನ ಗಂಡಭೇರುಂಡ, ಅದರ ಇಬ್ಬದಿಯ ಗಜಕೇಸರಿ ಈ ಚೌಕಟ್ಟಿನಲ್ಲಿ ನಿಂತು ಈಗ ಕರ್ನಾಟಕ ಸರಕಾರದ ಲಾಂಛನವಾಗಿವೆ. ಆ ಹಕ್ಕಿಗೆ ಅದಕ್ಕೂ ಹಳೆಯ ನೆಲೆ ಇದೆ. 1047ರಲ್ಲಿ ಚಾವುಂಡರಾಯರಸ ಬಳ್ಳಿಗಾವೆಯಲ್ಲಿ ನಿಲ್ಲಿಸಿದ ಭೇರುಂಡ ಕಂಬದ ತುದಿಯಲ್ಲಿ ಮನುಷ್ಯನ ಮೈ, ಎರಡು ಹಕ್ಕಿತಲೆಯ ಭೇರುಂಡ ಇದೆ. ಕುಂದಗೋಳ ಸೀಮೆ ಸಂಸ್ಥಾನಗಳು ಕರಗುವ ತನಕ ಜಮಖಂಡಿ ಪಟವರ್ಧನರದಾಗಿತ್ತು, ಆ ಕಾಲದ ಕಾಗದಪತ್ರಗಳಲ್ಲಿ ಸಂಸ್ಥಾನದ ಮುದ್ರೆ ಈಗಲೂ ಮನೆಮನೆಗಳ ಪೆಟ್ಟಿಗೆಯಲ್ಲಿ ಇರಬಹುದು. ಅವನ್ನೂ ಕೂಡಿಸೋಣ, ಆದರೆ ಬೇರೆ ಸಾಲಿನಲ್ಲಿ. ಸಾವಿರ ವರ್ಷದ ಹಿಂದಿನ ವ್ಯವಸ್ಥೆಯನ್ನೂ ದರ್ಬಾರಿನ ವ್ಯವಸ್ಥೆಯನ್ನೂ ಕಲೆಸಬಾರದು.

ಬರೆಯುವವರು ಯಾರು? ಹೊರಗಿನಿಂದ ಫ್ಲೆಕ್ಸ್ ಅಚ್ಚು ಹಾಕಿಸಿ ತರುವುದು ಸುಲಭ, ಒಂದು ಬೇಸಿಗೆಗೆ ಅದು ಹರಿದುಹೋಗುತ್ತದೆ. ಕಲಘಟಗಿಯಲ್ಲಿ ತೊಟ್ಟಿಲಿಗೆ ಬಣ್ಣ ಹಾಕುವ ಚಿತ್ರಗಾರರಿದ್ದಾರೆ. ಕಟ್ಟಿಗೆಯ ಹಲಗೆಯ ಮೇಲೆ ಅರಗಿನ ಬಣ್ಣದಲ್ಲಿ ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗಗಳನ್ನು ಚೌಕ ಚೌಕವಾಗಿ ಬರೆಯುವುದು ಅವರ ಮನೆತನದ ಕಸುಬು, ಅಜ್ಜಿಯ ಕಾಲದ ತೊಟ್ಟಿಲಿನ ಬಣ್ಣ ಮೊಮ್ಮಗಳ ಕೂಸಿಗೂ ಮಾಸದೆ ಉಳಿದಿರುತ್ತದೆ. ಚೌಕದೊಳಗೆ ಪ್ರಾಣಿ, ಹಕ್ಕಿ, ಬಾವುಟ, ವಾದ್ಯ ಹೂಡುವುದು ಅವರಿಗೆ ಹೊಸದಲ್ಲ. ನವಲಗುಂದದ ಜಮಖಾನ ಗಲ್ಲಿಯಲ್ಲಿ ನೇಯುವ ಹೆಣ್ಣುಮಕ್ಕಳು ನವಿಲು, ಪಗಡೆ ಹಾಸುಗಳನ್ನು ನೂಲಿನಲ್ಲಿ ಎಣಿಸಿ ಎಣಿಸಿ ಮೂಡಿಸುತ್ತಾರೆ. ಧ್ವಜಗಳನ್ನು ಅವರು ನೇಯಲಿ, ಲಾಂಛನಗಳನ್ನು ಕಲಘಟಗಿಯವರು ಹಲಗೆಯ ಮೇಲೆ ಬರೆಯಲಿ. ಎರಡೂ ಕಸುಬಿಗೆ ಗಿರಾಕಿ ಕಡಿಮೆಯಾಗಿರುವ ಈ ದಿನಗಳಲ್ಲಿ ಅದು ಅವರಿಗೆ ದುಡಿಮೆಯೂ ಆಗುತ್ತದೆ.

ಒಂದೊಂದು ಹಲಗೆಯ ಮೇಲೆ ಏನಿರಬೇಕು ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ನಡುವೆ ಲಾಂಛನ, ಮೇಲೆ ಧ್ವಜ, ಒಂದು ಬದಿಗೆ ತೂರ್ಯ, ಕೆಳಗೆ ಪುರದ ಹೆಸರು. ತೀರ ಕೆಳಗೆ ಎರಡು ಸಾಲು. ಯಾವ ಊರಿನ ಯಾವ ಶಾಸನದಲ್ಲಿ ಈ ಮಾತು ಬಂದಿದೆ ಎಂಬುದು ಒಂದು. ಚಿತ್ರದ ಮಾದರಿ ಯಾವ ಮುದ್ರೆಯದು ಅಥವಾ ನಾಣ್ಯದ್ದು ಎಂಬುದು ಇನ್ನೊಂದು. ಮೊದಲ ಹಲಗೆ ಬಾದಾಮಿ ಚಾಲುಕ್ಯರದಿರಲಿ, ಅದರ ಪಕ್ಕ ರಾಷ್ಟ್ರಕೂಟರದು, ಗಂಗರದು, ಕಳಚೂರ್ಯರದು, ಸೇವುಣರದು, ಹೊಯ್ಸಳರದು. ಬೆಳ್ವೊಲವನ್ನು ಸುಟ್ಟ ಚೋಳರ ಹುಲಿಯನ್ನೂ ಬಿಡಬಾರದು. ಆಮೇಲೆ ಮಾಂಡಲಿಕರ ಸಾಲು, ಕದಂಬ, ರಟ್ಟ, ಸಿಂದ, ಗುತ್ತ. ಕರ್ನಾಟಕ ವಿಶ್ವವಿದ್ಯಾಲಯದ ಶಾಸನತಜ್ಞರು ಪಾಠವನ್ನು ಒಪ್ಪಿದ ಮೇಲೆಯೇ ಹಲಗೆಗೆ ಬಣ್ಣ ಬೀಳಬೇಕು. ಅಣ್ಣಿಗೇರಿಯ ಪುರಸಭೆ ಒಂದು ಗೋಡೆ ಕೊಟ್ಟರೆ ಉಳಿದದ್ದಕ್ಕೆ ಊರವರು ಪಟ್ಟಿ ಎತ್ತುತ್ತಾರೆ.